ಬಾಯಾರ ಮಾತು ಕಲಿತ ಯಂತ್ರ

ನಮ್ಮ ಅಸುಂಡಿಯಲ್ಲಿ ಆಗ ಪ್ರತಿ ಮಗುವಿಗೂ ಎರಡು ಹೆಸರು. ಒಂದು ಮನೆಯದು, ಇನ್ನೊಂದು ಶಾಲೆಯದು. ಮನೆಯ ಹೆಸರು ತೊಟ್ಟಿಲಿನಿಂದ ಬಂದದ್ದು. ಶಾಲೆಯ ಹೆಸರನ್ನು, ಮಾಸ್ತರರು ಕೇಳಿದಾಗ ಅಪ್ಪನೋ ಕಾಕಾನೋ ಆ ಗಳಿಗೆಗೆ ಹೊಳೆದದ್ದನ್ನು ಹೇಳಿ ಬರೆಸಿ ಬಂದಿರುತ್ತಿದ್ದರು. ನನ್ನದನ್ನು ಬರೆಸಿದವನು ಕಾಕಾ. ಬರೆಸಿದ್ದನ್ನು ಮನೆಗೆ ಬಂದು ಹೇಳುವುದನ್ನು ಮರೆತುಬಿಟ್ಟ. ಹೀಗಾಗಿ ಶಾಲೆಯ ಮೊದಲ ದಿನ ಮಾಸ್ತರರು ಹಾಜರಿ ಕೂಗುವಾಗ ನನ್ನ ಹೆಸರು ಬಂತು, ಹೋಯಿತು. ನಾನು ಎದುರಿಗೇ ಕೂತು ಗೋಡೆ ನೋಡುತ್ತಿದ್ದೆ.

"ಲೇ, ನಿನ್ನ ಕರಿಯಾಕ ಹತ್ತೇನಿ. ಕಿವಿ ಇಲ್ಲೇನು?"

"ಅಂವ ನಾ ಅಲ್ರಿ ಸರ. ನಾ ಬ್ಯಾರೆ."

ಇಡೀ ವರ್ಗ ನಕ್ಕಿತು. ಮಾಸ್ತರರೂ ನಕ್ಕರು.

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವರಲ್ಲಿ ನಾನೇ ಮೊದಲಿಗ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಅಪ್ಪ ಇನ್ನೊಬ್ಬರ ಹೊಲದಲ್ಲಿ ದುಡಿದ, ಅವ್ವ ಹತ್ತಿ ಬಿಡಿಸಿದಳು, ನಾನು ಸೈಕಲ್ ತುಳಿದು ಗದಗಿನ ಕಾಲೇಜಿಗೆ ಹೋಗಿ ಗಣಿತ ಓದಿದೆ. ಒಮ್ಮೆ ನಪಾಸಾದೆ, ಮತ್ತೆ ಕೂತೆ, ಪಾಸಾದೆ. ಸರ್ಟಿಫಿಕೇಟನ್ನು ಅವ್ವ ಸೀರೆಗೆ ಕೈ ಒರೆಸಿಕೊಂಡು ಹಿಡಿದಳು. "ಇಷ್ಟ ಹಗರು ಐತೇನಪಾ ಇದು?" ಎಂದಳು. ಅವಳು ಏನೋ ಭಾರದ್ದು ಬರುತ್ತದೆಂದು ಕಾದಿದ್ದಳು.

ಎಂಬತ್ತರ ದಶಕ ಮುಗಿಯುತ್ತ ಬಂದಾಗ ನಾನು ಬೆಟಗೇರಿಯಲ್ಲಿ, ನೇಕಾರರಿಗೆ ನೂಲು ಹಂಚುವ ಒಂದು ಸಹಕಾರಿ ಸಂಘದಲ್ಲಿ ಗುಮಾಸ್ತನಾಗಿದ್ದೆ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳಲ್ಲಿ ಅದರ ಡಿಪೋಗಳಿದ್ದವು, ಮುಖ್ಯ ಕಚೇರಿ ಹುಬ್ಬಳ್ಳಿಯಲ್ಲಿ. ಅಲ್ಲಿಂದ ನಮಗೊಂದು ಕಂಪ್ಯೂಟರ್ ಬಂತು. ಗಣಿತ ಓದಿದವನೆಂದು ನನ್ನನ್ನು ತರಬೇತಿಗೆ ಕಳಿಸಿದರು. ನೂಲಿನ ಗಂಟುಗಳಿದ್ದ ಹಿಂದಿನ ಕೋಣೆಗೆ ಸುಣ್ಣ ಹೊಡೆಸಿ, ಏಸಿ ಕೂಡಿಸಿ, ಚಪ್ಪಲಿ ಹೊರಗೆ ಬಿಡಬೇಕೆಂದು ಫಲಕ ಹಾಕಿದರು. ನೂಲು ಒಯ್ಯಲು ಬಂದ ನೇಕಾರರು ಆ ಬಾಗಿಲಲ್ಲಿ ಸ್ವಲ್ಪ ನಿಂತು ತಂಪು ಗಾಳಿ ತಗೊಂಡು ಹೋಗುತ್ತಿದ್ದರು.

ಈ ಯಂತ್ರದ ಮುಂದೆ ನನ್ನ ಜೊತೆ ಕೂಡಿಸಿದ್ದು ನಮ್ಮ ಕಚೇರಿಯ ಟೈಪಿಸ್ಟರನ್ನು. ಓದು ಬರಹ ಬಲ್ಲ ಹೆಣ್ಣುಮಕ್ಕಳನ್ನು ನಮ್ಮ ಕಡೆ ಮರ್ಯಾದೆಯಿಂದ 'ಬಾಯಾರು' ಅನ್ನುತ್ತಾರೆ. ಕಚೇರಿಯಲ್ಲಿ ಅವರಿಗೆ ಅದೇ ಹೆಸರು. ನನಗಿಂತ ಬಹಳ ದೊಡ್ಡವರು, ನನ್ನನ್ನು ತಮ್ಮ ಎಂದೇ ಕರೆಯುತ್ತಿದ್ದರು. ಅವರ ಗಂಡನ ಮನೆಯದು ಗುಡಿ ಪೂಜೆಯ ಮನೆತನ. ಯಜಮಾನರು ಪೂಜೆ ಮಾಡುತ್ತಿದ್ದರು, ದಿನಾ ಮುಂಜಾನೆ ನೈವೇದ್ಯದ ಅಡುಗೆ ಬಾಯಾರದು. ಅದನ್ನು ಮುಗಿಸಿ, ಇನ್ನೂ ಒಣಗದ ಕೂದಲನ್ನು ಗಂಟು ಹಾಕಿಕೊಂಡು ಕಚೇರಿಗೆ ಬರುತ್ತಿದ್ದರು. ಗುಡಿಯ ಉತ್ಪನ್ನ ಎಣ್ಣೆ ಬತ್ತಿಗೆ ಸರಿಹೋಗುತ್ತಿತ್ತು. ಮನೆ ನಡೆಯುತ್ತಿದ್ದುದು ಇವರ ಪಗಾರದಲ್ಲಿ.

ಟೈಪ್‌ರೈಟರಿನ ಮೇಲೆ ಅವರ ಬೆರಳು ಓಡುವ ಪರಿ ನೋಡಬೇಕಿತ್ತು. ಕೀಲಿಗಳ ಕಡೆ ನೋಡದೆ, ಮಗಳ ಅಭ್ಯಾಸದ ಬಗ್ಗೆ ನಮ್ಮ ಜೊತೆ ಮಾತಾಡುತ್ತಲೇ ಪತ್ರ ಮುಗಿಸುತ್ತಿದ್ದರು. ಕಂಪ್ಯೂಟರಿನ ಮುಂದೆ ಮಾತ್ರ ಕೈ ಕಟ್ಟಿಕೊಂಡು ಕೂತರು. ಅದರಲ್ಲಿ ಚಿತ್ರ ಗಿತ್ರ ಏನೂ ಇರಲಿಲ್ಲ. ಕಪ್ಪು ಪರದೆಯ ಮೇಲೆ ಒಂದು ಹಸಿರು ಗುರುತು ಮಿಣುಕುತ್ತದೆ, ಅದರ ಮುಂದೆ ಇಂಗ್ಲಿಷ್ ಅಕ್ಷರಗಳಲ್ಲಿ ಆಜ್ಞೆ ಕೊಡಬೇಕು. ಕೊಟ್ಟ ಆಜ್ಞೆಯನ್ನು ಓದಿ ಯಂತ್ರಕ್ಕೆ ಮುಟ್ಟಿಸುವ ಭಾಗಕ್ಕೆ ಶೆಲ್ ಅನ್ನುತ್ತಾರೆ. ಆಜ್ಞೆಗಳೋ ಅರ್ಧ ನುಂಗಿದ ಮಾತುಗಳು. ಒಳಗೆ ಏನೇನಿದೆ ಪಟ್ಟಿ ತೋರಿಸು ಎನ್ನಲು 'ಎಲ್‌ಎಸ್'. ನಕಲು ಮಾಡು ಎನ್ನಲು 'ಸಿಪಿ', ಕಾಗದದ ಮೇಲೆ ಛಾಪಿಸು ಎನ್ನಲು 'ಎಲ್‌ಪಿ'.

"ಲಿಸ್ಟ್ ಅಂತ ಪೂರ್ತಿ ಬರೀಲಿಕ್ಕೆ ಏನ್ ರೋಗ ಬಂದದ ಇದಕ್ಕ?" ಎಂದರು ಬಾಯಾರು.

"ಹಂಗ ಕಲಿಸ್ಯಾರ್ರಿ ಅದಕ್ಕ."

"ಹಂಗಾರ ನಾವು ಹಿಂಗ ಕಲಸೋಣು. ನಮ್ಮ ಮಾತು ಕಲಿಯೂದಿಲ್ಲೇನು ಇದು?"

ಅವರು ಸಿಟ್ಟಿನಲ್ಲಿ ಆಡಿದ ಮಾತು ಅದು. ಆದರೆ ಕಲಿಯುತ್ತಿತ್ತು. ತರಬೇತಿಯ ಕಡೆಯ ದಿನ ಗಡಿಬಿಡಿಯಲ್ಲಿ ಹೇಳಿಕೊಟ್ಟಿದ್ದರು: 'ಏಲಿಯಾಸ್' ಎಂದು ಬರೆದು, ನಮಗೆ ಬೇಕಾದ ಹೆಸರು ಬರೆದು, ಮುಂದೆ ಮೂಲ ಆಜ್ಞೆ ಬರೆದರೆ ಎರಡೂ ಒಂದೇ ಕೆಲಸ ಮಾಡುತ್ತವೆ. ಬೇಡವಾದರೆ 'ಅನ್‌ಏಲಿಯಾಸ್' ಎಂದು ಆ ಹೆಸರು ತೆಗೆಯಬಹುದು. ಮೂಲ ಆಜ್ಞೆಗೆ ಏನೂ ಆಗುವುದಿಲ್ಲ. ಶಾಲೆಯ ಹೆಸರು ಶಾಲೆಯಲ್ಲಿ, ಮನೆಯ ಹೆಸರು ಮನೆಯಲ್ಲಿ. ನನಗಿದನ್ನು ಯಾರೂ ಎರಡು ಸಲ ಹೇಳಬೇಕಾಗಿರಲಿಲ್ಲ.

ಎಲ್‌ಎಸ್‌ಗೆ 'ನೋಡು' ಎಂದು ಹೆಸರಿಟ್ಟೆ. ಬಾಯಾರು ಇಂಗ್ಲಿಷ್ ಅಕ್ಷರದಲ್ಲಿ 'ನೋಡು' ಬಡಿದರು. ಪಟ್ಟಿ ಸರಸರ ಇಳಿಯಿತು.

"ಅಯ್ಯ! ಕನ್ನಡಾ ತಿಳೀತದಲ್ಲೋ ತಮ್ಮಾ ಇದಕ್ಕ!"

ಮರುದಿನ ಮುಂಜಾನೆ ಅದೇ 'ನೋಡು' ಬಡಿದರೆ, ಅಂಥ ಆಜ್ಞೆ ಇಲ್ಲ ಎಂದು ಇಂಗ್ಲಿಷಿನಲ್ಲಿ ಒಂದು ಸಾಲು ಬಂತು. "ರಾತ್ರಿ ಮಲಗಿ ಎಲ್ಲಾ ಮರ್ತದ ನೋಡು. ಇದಕಿಂತ ನನ್ನ ಮಗಳು ವಾಸಿ," ಎಂದರು. ಹೀಗೆ ಬರೀ ಬಡಿದು ಕೊಟ್ಟ ಹೆಸರು ನಾವು ಯಂತ್ರದಿಂದ ಹೊರಬರುವವರೆಗೆ ಮಾತ್ರ ಉಳಿಯುತ್ತದೆ. ಕಾಯಂ ಆಗಬೇಕೆಂದರೆ, ನಾವು ಒಳಗೆ ಹೋದ ಕೂಡಲೇ ಯಂತ್ರ ತಾನಾಗಿ ಓದಿಕೊಳ್ಳುವ ಫೈಲಿನಲ್ಲಿ ಬರೆದಿಡಬೇಕು. ಬರೆದಿಟ್ಟೆ. ಆಮೇಲೆ ಒಂದೊಂದೇ ಮಾತು ಸೇರುತ್ತ ಹೋಯಿತು. 'ತೋರಿಸು', 'ನಕಲು', 'ಛಾಪಿಸು'. ಸಂಜೆ ಕೆಲಸ ಮುಗಿಸಿ ಹೊರಬರಲು 'ಎಕ್ಸಿಟ್' ಅನ್ನಬೇಕಿತ್ತು. ನಮ್ಮಲ್ಲಿ ಯಾರ ಮನೆಯಿಂದ ಎದ್ದರೂ ಹೋಗ್ತೀನಿ ಅನ್ನುವುದಿಲ್ಲ, ಬರ್ತೀನಿ ಅನ್ನುತ್ತೇವೆ. ಬಾಯಾರು ಅದಕ್ಕೂ ಅದೇ ಆಗಬೇಕೆಂದರು. ಹೀಗೆ ದಿನಾ ಸಂಜೆ ಅವರು ಯಂತ್ರಕ್ಕೆ 'ಬರ್ತೀನಿ' ಎಂದು ಹೇಳಿ ಏಳುತ್ತಿದ್ದರು.

ತಕರಾರು ಬಂದದ್ದು ಒಂದೇ ಆಜ್ಞೆಯ ಮೇಲೆ. ಲೆಕ್ಕ ಮಾಡುವ ಪ್ರೋಗ್ರಾಂ ಒಮ್ಮೊಮ್ಮೆ ಹಟ ಹಿಡಿದು ನಿಂತುಬಿಡುತ್ತಿತ್ತು. ಅದನ್ನು ನಿಲ್ಲಿಸಬೇಕಾದರೆ ಅದರ ನಂಬರು ಹುಡುಕಿ, 'ಕಿಲ್' ಎಂದು ಬರೆದು ಆ ನಂಬರು ಕೊಡಬೇಕು.

"ಕೊಲ್ಲು ಅಂತನೂ?" ಬಾಯಾರು ಕೈ ಹಿಂದಕ್ಕೆ ತಗೊಂಡರು. "ಮುಂಜಾನೆ ನೈವೇದ್ಯ ಮಾಡಿದ ಕೈಲೆ ನಾ ಅದನ್ನ ಬಡಿಯಂಗಿಲ್ಲ."

"ಅದೇನ್ ಜೀವ ಇದ್ದದ್ದಲ್ರೀ ಬಾಯಾರ. ಲೆಕ್ಕದ ಪ್ರೋಗ್ರಾಮು."

"ದೀಪಕ್ಕ ಜೀವ ಅದ ಏನು? ಆದ್ರೂ ನಿಮ್ಮವ್ವ ದೀಪಾ ಆರ್ಸು ಅಂತಾಳೇನು?"

ಅನ್ನುವುದಿಲ್ಲ. ಗುಡಿಯವರ ಮನೆಯಲ್ಲೂ, ಹೊಲದಲ್ಲಿ ದುಡಿಯುವ ನಮ್ಮ ಮನೆಯಲ್ಲೂ, ದೀಪವನ್ನು ಶಾಂತ ಮಾಡು ಅಂತಲೇ ಅನ್ನುವುದು. ನಾನು ಫೈಲು ತೆರೆದು ಕಿಲ್‌ಗೆ 'ಶಾಂತ' ಎಂದು ಬರೆದೆ. ಹಟಮಾರಿ ಪ್ರೋಗ್ರಾಮುಗಳನ್ನು ಬಾಯಾರು ಅಂದಿನಿಂದ ಶಾಂತ ಮಾಡತೊಡಗಿದರು. ನೋಡಿ ಹೋಗಲು ಬಂದ ಮ್ಯಾನೇಜರು, "ಇದೇನ್ ಕಂಪ್ಯೂಟರೋ ಕೀರ್ತನೀನೋ?" ಎಂದು ನಕ್ಕರು. ಬಾಯಾರ ಕೆಲಸ ಮಾತ್ರ ನನ್ನಷ್ಟೇ ಜಲ್ದಿ ಆಗುತ್ತಿತ್ತು.

ಹೀಗಿರುವಾಗ ಹುಬ್ಬಳ್ಳಿಯಿಂದ ಆದೇಶ ಬಂತು. ಡಿಪೋಗಳಿಗೂ ಯಂತ್ರಗಳು ಬರಲಿವೆ. ಟೈಪಿಸ್ಟರೆಲ್ಲ ಮುಖ್ಯ ಕಚೇರಿಗೆ ಬಂದು, ಅಲ್ಲಿಯ ಯಂತ್ರದ ಮೇಲೆ ಪರೀಕ್ಷೆ ಕೊಡಬೇಕು. ಪಾಸಾದವರು ಇದ್ದಲ್ಲೇ ಆಪರೇಟರು. ಆಗದವರನ್ನು ಮುಂಡರಗಿ ಡಿಪೋಕ್ಕೆ, ನೂಲಿನ ದಾಸ್ತಾನು ನೋಡಿಕೊಳ್ಳಲು ಕಳಿಸಲಾಗುವುದು.

ಮುಂಡರಗಿಯೇನು ದೂರವಲ್ಲ. ಆದರೆ ಅಲ್ಲಿಗೆ ಹೊತ್ತಿಗೆ ಮುಟ್ಟಬೇಕಾದರೆ ಹಿಡಿಯಬೇಕಾದ ಬಸ್ಸು, ಬಾಯಾರು ನೈವೇದ್ಯಕ್ಕೆ ಒಲೆ ಹಚ್ಚುವ ಹೊತ್ತಿಗೇ ಹೊರಡುತ್ತಿತ್ತು. ಆ ಅಡುಗೆಯನ್ನು ಅತ್ತೆಯ ಕೈಯಿಂದ ಅವರು ತಗೊಂಡಿದ್ದರು, ಬಿಡುವ ಮಾತೇ ಇರಲಿಲ್ಲ. ಬಿಡಬೇಕಾದದ್ದು ನೌಕರಿ.

"ನನ್ನ ಪಗಾರ ಹೋತಂದ್ರ ದೇವರ ನೈವೇದ್ಯನೂ ಸಣ್ಣದಾಗ್ತದ ತಮ್ಮಾ," ಎಂದು ನಗಲು ನೋಡಿದರು. ನಗು ಬರಲಿಲ್ಲ.

ಮ್ಯಾನೇಜರು ಇನ್ನೊಂದು ಮಾತು ನೆನಪಿಸಿದರು. "ಅಲ್ಲೀ ಮಷಿನ್ನಿಗೆ ನಿಮ್ಮ ಮಾತು ಯಾರ್ ಕಲಿಸ್ಯಾರ್ರಿ ಬಾಯಾರ? ಹೋಗಿ ಛಾಪಿಸು ಅಂದ್ರ ಅದು ಪಿಳಿಪಿಳಿ ಅಂತೈತಿ ಅಷ್ಟ."

ಖರೆ ಮಾತು. ಅಲ್ಲಿ ಅವರ ಹೆಸರಿನಲ್ಲಿ ಫೈಲು ಇರುವುದಿಲ್ಲ. ಸಂಜೆ ಇಬ್ಬರೂ ಕೂತೆವು. ಹೆಸರುಗಳನ್ನೆಲ್ಲ ತೆಗೆದುಬಿಡಲೇ ಎಂದು ಕೇಳಿದೆ.

"ಒಮ್ಮೆಲೇ ಕೀಳಬ್ಯಾಡ. ದಿನಕ್ಕೊಂದು ತಗಿ. ನನಗೂ ರೂಢಿ ಆಗ್ಲಿ."

ಹಾಗೇ ಮಾಡಿದೆವು. ಮುಂಜಾನೆ ಅವರು ಬರುವ ಮೊದಲೇ ನಾನು ಅವರ ಫೈಲಿನಿಂದ ಒಂದು ಹೆಸರು ಅಳಿಸುತ್ತಿದ್ದೆ. ಯಾವುದೆಂದು ಹೇಳುತ್ತಿರಲಿಲ್ಲ. ಬಾಯಾರು ಕೂತು ಬಡಿಯುತ್ತಿದ್ದರು. ಎಲ್ಲೋ ಒಂದು ಕಡೆ ಯಂತ್ರ, ಅಂಥ ಆಜ್ಞೆ ಇಲ್ಲ, ಅನ್ನುತ್ತಿತ್ತು.

"ಇವತ್ತ ನಕಲು ಹೋತೇನು?"

"ಹೋತ್ರಿ."

"ಪುಣ್ಯಾತ್ಮ. ಛಾಪಿಸು ತಗದಿದ್ರ ಚಲೋ ಇತ್ತು, ಇವತ್ತ ನಕಲಿನ ಕೆಲಸನ ಭಾಳ ಅದ."

ಬೈಯುತ್ತಲೇ 'ಸಿಪಿ' ಬಡಿಯುತ್ತಿದ್ದರು. ಒಂದೆರಡು ದಿನ ಹಳೆಯ ಮಾತೇ ಕೈಗೆ ಬರುತ್ತಿತ್ತು, ಆಮೇಲೆ ಬೆರಳು ಹೊಸದಕ್ಕೆ ತಿರುಗಿತು. 'ಬರ್ತೀನಿ' ತೆಗೆದ ದಿನ ಮಾತ್ರ ಎಕ್ಸಿಟ್ ಎಂದು ಬಡಿದು, ಬಾಯಲ್ಲಿ ಬರ್ತೀನಪಾ ಎಂದು ಹೇಳಿಯೇ ಎದ್ದರು. ಕಡೆಗೆ ಫೈಲಿನಲ್ಲಿ 'ಶಾಂತ' ಒಂದೇ ಉಳಿಯಿತು.

"ಅದೊಂದು ಇರ್ಲಿ ಬಿಡು. ಅದನ್ನೇನು ಕೇಳ್ತಾರ ಅವರು?"

"ಕೇಳಿದ್ರ?"

"ಕೇಳಿದ್ರ ನೋಡೋಣಂತ."

ನಾನು ಬಹಳ ಹೇಳಿದೆ. ಅವರು ಕೇಳಲಿಲ್ಲ. ಆ ಆಜ್ಞೆಯನ್ನು ಒಂದು ಸಲವೂ ಅಭ್ಯಾಸ ಮಾಡದೆಯೇ ಹುಬ್ಬಳ್ಳಿಯ ರೈಲು ಹತ್ತಿದೆವು. ನನ್ನನ್ನು ಜೊತೆಗೆ ಕಳಿಸಿದ್ದರು. ದಾರಿಯುದ್ದಕ್ಕೂ ಬಾಯಾರು ಕಣ್ಣು ಮುಚ್ಚಿ ತುಟಿ ಅಲುಗಿಸುತ್ತಿದ್ದರು. ಎದುರಿಗೆ ಕೂತ ಮುದುಕಿ ಜಪ ಅಂದುಕೊಂಡು ಕಾಲು ಮಡಚಿ ಜಾಗ ಬಿಟ್ಟಳು. ಕಿವಿಗೊಟ್ಟರೆ, ಎಲ್‌ಎಸ್, ಸಿಪಿ, ಎಲ್‌ಪಿ.

ಪರೀಕ್ಷೆ ತಗೊಳ್ಳುವವನು ಮುಖ್ಯ ಕಚೇರಿಯ ಇಂಜಿನಿಯರು, ನನ್ನ ವಯಸ್ಸಿನವನು. ಕೋಣೆ ತುಂಬ ಟೈಪಿಸ್ಟರು ಕಾಯುತ್ತಿದ್ದರು. ನನಗೆ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂರಲು ಬಿಟ್ಟರು, ಪರದೆ ಅಲ್ಲಿಂದ ಕಾಣುತ್ತಿತ್ತು. ಪಟ್ಟಿ ತೋರಿಸಿರಿ, ತೋರಿಸಿದರು. ನಕಲು ಮಾಡಿರಿ, ಮಾಡಿದರು. ಪ್ರಿಂಟರು ಕಿರ್ರೆಂದು ಕಾಗದ ಉಗುಳಿತು. ಇಂಜಿನಿಯರು ತಲೆಯಾಡಿಸಿ ಏನೋ ಬಡಿದು, "ಈಗ ಒಂದು ಪ್ರೋಗ್ರಾಂ ಹಿಂದ ಓಡಾಕ ಹತ್ತೇತ್ರಿ, ನಿಲ್ಲವಲ್ದು. ಅದನ್ನ ನಿಲ್ಲಸ್ರಿ," ಎಂದ.

ಬಾಯಾರು ನಂಬರು ಹುಡುಕಿದರು. ಸಿಕ್ಕಿತು. ಆಮೇಲೆ ಕೈ ಎರಡನ್ನೂ ಮಡಿಲಲ್ಲಿ ಇಟ್ಟುಕೊಂಡರು.

ನಾನು ಸ್ಟೂಲಿನ ತುದಿಗೆ ಸರಿದೆ. ಅಲ್ಲಿಗೆ ಎದ್ದು ಹೋಗಿ ಬಡಿಯುವಂತಿಲ್ಲ, ಬಡೀರಿ ಅನ್ನುವಂತಿಲ್ಲ. ಇಂಜಿನಿಯರು ಗಡಿಯಾರ ನೋಡಿದ. "ಗೊತ್ತಿಲ್ಲೇನ್ರಿ?" ಎಂದು ಮೆತ್ತಗೆ ಕೇಳಿದ.

"ಗೊತ್ತದ. ಒಂದೀಟು ತಡೀರಿ."

ಕೈಗಳು ಮೇಲೆ ಬಂದವು. ಅವರು ಬಡಿದದ್ದು ಅಕ್ಷರ ಅಕ್ಷರವಾಗಿ ಪರದೆಯ ಮೇಲೆ ಬಂತು: ಏಲಿಯಾಸ್, ಶಾಂತ, ಕಿಲ್. ಹೆಸರು ಕೊಡುವುದನ್ನು ನಾನು ಅವರಿಗೆ ಎಂದೂ ಕಲಿಸಿರಲಿಲ್ಲ, ಎಲ್ಲ ಹೆಸರುಗಳನ್ನೂ ನಾನೇ ಇಟ್ಟುಕೊಟ್ಟಿದ್ದೆ. ಪಕ್ಕದಲ್ಲಿ ಕೂತು ನೋಡಿಯೇ ಕಲಿತಿದ್ದರು. ಮುಂದಿನ ಸಾಲಿನಲ್ಲಿ 'ಶಾಂತ' ಎಂದು ಬರೆದು ನಂಬರು ಕೊಟ್ಟರು. ಪ್ರೋಗ್ರಾಂ ನಿಂತಿತು. ಇಂಜಿನಿಯರು ಬಾಯಿ ತೆರೆಯುವಷ್ಟರಲ್ಲಿ ಇನ್ನೂ ಒಂದು ಸಾಲು ಬಡಿದರು: ಅನ್‌ಏಲಿಯಾಸ್, ಶಾಂತ.

"ಅದನ್ಯಾಕ ತಗದ್ರಿ?" ಅವನು ಕೇಳಿದ.

"ನಮ್ಮದಲ್ಲದ ಮಷಿನ್ನು. ನನ್ನ ಹಿಂದ ಕುಂಡ್ರುವವ್ರಿಗೆ ತೊಡಕು ಆಗಬಾರದಲ್ರಿ."

ಇಂಜಿನಿಯರು ಅವರನ್ನೊಮ್ಮೆ, ಪರದೆಯನ್ನೊಮ್ಮೆ ನೋಡಿದ. ಇದು ಪರೀಕ್ಷೆಯಲ್ಲಿ ಇರಲೇ ಇಲ್ಲ ಎಂದ. ಅಲ್ಲೇ ಪಾಸು ಎಂದು ಬರೆದ.

ತಿರುಗಿ ಬರುವಾಗ ರೈಲಿನಲ್ಲಿ ನಾನು ತಡೆಯದೆ ಕೆಣಕಿದೆ. "ಕಡೀಗೆ ಕಿಲ್ ಅಂತ ಬಡದ್ರಲ್ರೀ ಬಾಯಾರ."

"ಎಲ್ಲಿ ಬಡದೆ? ಹೆಸರು ಬರದೆ. ಬರಿಯೂದು ಬ್ಯಾರೆ, ಮಾಡೂದು ಬ್ಯಾರೆ. ಡಿಗ್ರಿ ಓದೀಯಂತ, ಇಷ್ಟು ತಿಳೀವಲ್ದೇನು?"

ಎದುರಿಗಿದ್ದವರೆಲ್ಲ ನಮ್ಮ ಕಡೆ ನೋಡಿದರು. ಬಾಯಾರು ಡಬ್ಬಿ ತೆರೆದು, ಮುಂಜಾನೆಯ ನೈವೇದ್ಯದ ಹುಗ್ಗಿಯಲ್ಲಿ ನನ್ನ ಪಾಲು ತೆಗೆದುಕೊಟ್ಟರು. ಹೋಗುವಾಗ ಅದು ಇದ್ದದ್ದೇ ನನಗೆ ಗೊತ್ತಿರಲಿಲ್ಲ. ಪಾಸಾಗದಿದ್ದರೆ ಅದನ್ನು ತೆರೆಯುವ ಮನಸ್ಸು ಅವರಿಗಿರಲಿಲ್ಲವಂತೆ.

ಮರುದಿನ ನಾನು ಹುರುಪಿನಿಂದ, ಅಳಿಸಿದ ಹೆಸರುಗಳನ್ನೆಲ್ಲ ಮತ್ತೆ ಬರೆಯಲು ಹೋದೆ. ಬಾಯಾರು ಕುರ್ಚಿ ಬಿಡಲಿಲ್ಲ.

"ಬ್ಯಾಡ ಬಿಡು. ಎಲ್‌ಎಸ್ ಅಂದ್ರ ಎರಡು ಅಕ್ಷರ, ನಿನ್ನ ನೋಡು ಅಂದ್ರ ನಾಲ್ಕು. ಸುಮ್ಮನ ಕೈ ನೋಯಿಸಿಕೊಳ್ಳೂದ್ಯಾಕ?"

ನನಗೆ ಸ್ವಲ್ಪ ಪೆಚ್ಚಾಯಿತು, ಸುಳ್ಳೇಕೆ ಹೇಳಲಿ. ಅವರಿಗೆ ತಿಳಿಯಿತು. "ಸಿಟ್ಟು ಬಂತೇನೋ ತಮ್ಮಾ?" ಎಂದರು. ಇಲ್ರೀ ಎಂದೆ. ಹಾಗಾದರೆ ತಾವು ಮಾಡುವುದನ್ನು ನೋಡು ಎಂದು ಪಕ್ಕದ ಕುರ್ಚಿ ಎಳೆದರು. ಫೈಲು ತೆರೆದು, ತಮಗೆ ನಿಜವಾಗಿ ಬೇಕಾದದ್ದನ್ನು ತಾವೇ ಬರೆದರು: ಮುಂಜಾನೆ ಉಳಿದ ನೂಲಿನ ಶಿಲ್ಕು, ಡಿಪೋಗಳ ಬೇಡಿಕೆ, ಸಂಜೆಯ ವರದಿ, ಇಂಥ ಉದ್ದುದ್ದ ಆಜ್ಞೆಗಳಿಗೆ ಒಂದೊಂದು ಚಿಕ್ಕ ಹೆಸರು. ನನಗೆ ಹೊಳೆಯದೇ ಇದ್ದದ್ದು.

ತಿಂಗಳೊಪ್ಪತ್ತಿನಲ್ಲಿ ನನ್ನನ್ನು ಲಕ್ಷ್ಮೇಶ್ವರದ ಡಿಪೋಕ್ಕೆ, ಅಲ್ಲಿಯ ಹೊಸ ಯಂತ್ರಕ್ಕೆ ಹಾಕಿದರು. ಬೆಟಗೇರಿಯ ತಂಪು ಕೋಣೆಯ ಬೀಗದಕೈ ಬಾಯಾರ ಸೊಂಟಕ್ಕೆ ಹೋಯಿತು. ಮುಂದೆ ನನಗೇನಾದರೂ ತಿಳಿಯದಿದ್ದರೆ ಫೋನು ಮಾಡುತ್ತಿದ್ದೆ. ಅವರು ನೈವೇದ್ಯ ಮುಗಿಸಿ ಬಂದಿದ್ದಾರೋ ಇಲ್ಲವೋ ಎಂದು ಹೊತ್ತು ನೋಡಿಕೊಂಡು ಮಾಡಬೇಕಾಗುತ್ತಿತ್ತು, ಅಷ್ಟೆ.