ಹೊಸ ಸರ್ವರಿಗೆ ಹಳೆಯದರ ನಡೆ ಕಲಿಸುವ ಕಲ್ಯಾಣಿ

ರಾಯಚೂರಿನ ಸ್ಟೇಷನ್ ರಸ್ತೆಯಲ್ಲಿ ಚಹಾದಂಗಡಿಯ ಒಲೆಗಳು ಈಗಷ್ಟೇ ಹೊತ್ತಿಕೊಳ್ಳುತ್ತಿವೆ. ಬೆಳಗಿನ ಜಾವಕ್ಕೇ ಹೊರಗೆ ಬೆವರು ಕಿತ್ತು ಬರುವ ಸೆಖೆ. ಖಾಸಗಿ ಆಸ್ಪತ್ರೆಯೊಂದರ ಮೇಲಿನ ಮಹಡಿಯ ಕಿಟಕಿಯಿಲ್ಲದ ಕೋಣೆಯಲ್ಲಿ ಮಾತ್ರ ಕಲ್ಯಾಣಿ ಎಸಿಯ ಚಳಿಗೆ ಸ್ವೆಟರ್ ತೊಟ್ಟು ಕೂತಿದ್ದಾರೆ. ಎದುರಿನ ಕಬ್ಬಿಣದ ಕಪಾಟಿನಲ್ಲಿ ಸರ್ವರುಗಳು ಒಂದೇ ಸಮನೆ ಗುಂಯ್‌ಗುಡುತ್ತಿವೆ. ಇವತ್ತು ಆ ಸಾಲಿಗೆ ಇನ್ನೊಂದು ಸೇರಬೇಕು. ಕೀಲಿಮಣೆ ಮುಟ್ಟುವ ಮೊದಲು ಅವರು ಆಸ್ಪತ್ರೆಯ ಮಾನ್ವಿ ಶಾಖೆಗೆ ಫೋನ್ ಹಚ್ಚುತ್ತಾರೆ.

"ಸೈಫುದ್ದೀನ್ ಭಾಯಿ, ಹೆರಿಗಿಗೆ ಯಾರರ ಬಂದಾರೇನ್ರಿ?"

"ಯಾರೂ ಇಲ್ಲವ್ವಾ. ನಿನ್ ಕೆಲ್ಸ ನೀ ಮಾಡ್ಕೋ," ಎನ್ನುತ್ತಾರೆ ಅಲ್ಲಿನ ಲ್ಯಾಬಿನ ಹಿರಿಯ ತಂತ್ರಜ್ಞ ಸೈಫುದ್ದೀನ್. ದೇವದುರ್ಗದ ಶಾಖೆಗೂ ಇದೇ ಪ್ರಶ್ನೆ ಹೋಗುತ್ತದೆ. ಹೀಗೆ ಕೇಳಬೇಕೆಂದು ಕಲ್ಯಾಣಿಗೆ ಯಾರೂ ಹೇಳಿಕೊಟ್ಟಿಲ್ಲ.

ಕಲ್ಯಾಣಿ ದೇವದುರ್ಗ ತಾಲ್ಲೂಕಿನ ಜಾಲಹಳ್ಳಿಯವರು. ಡಿಪ್ಲೊಮಾ ಮುಗಿಸಿ, ದೇವದುರ್ಗದ ಅಂಗಡಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡಿ, ಈಗ ಮೂರೂ ಊರಿನ ಆಸ್ಪತ್ರೆಗಳ ಸರ್ವರ್ ನೋಡಿಕೊಳ್ಳುವ ಗುತ್ತಿಗೆ ನೌಕರಿಯಲ್ಲಿದ್ದಾರೆ. ಊರಲ್ಲಿ ಅವರನ್ನು ನರ್ಸ್ ಎಂದೇ ತಿಳಿದಿದ್ದಾರೆ. "ಹಬ್ಬಕ್ಕ ಹೋದ್ರ ಮಂದಿ ಮೊಣಕಾಲ್ ನೋವಿಗೆ ಗುಳಿಗಿ ಕೇಳ್ತಾರ್ರೀ. ನಮ್ಮವ್ವ ವೆಂಕಮ್ಮನೂ ದವಾಖಾನಿಯಾಗ ಡ್ಯೂಟಿ ಅಂತಷ್ಟ ಹೇಳ್ತಾಳ. ಬ್ಯಾರೆ ಏನಂತ ಹೇಳ್ಬೇಕಾಕಿ?"

ಹೇಳುವುದು ಕಷ್ಟವೇ. ಒಂದೊಂದು ಸರ್ವರಿನೊಳಗೂ ಹಲವು ಕಂಪ್ಯೂಟರುಗಳು ಇದ್ದಂತೆ ಕೆಲಸ ನಡೆಯುತ್ತದೆ: ಔಷಧಿಗೊಂದು, ಮೂರೂ ಊರಿನ ಲ್ಯಾಬಿಗೊಂದು. ಇವು ವರ್ಚುವಲ್ ಮಷೀನುಗಳು. ಸರ್ವರೊಂದು ಕೆಟ್ಟರೆ ಅದರಲ್ಲಿದ್ದವು ನಡೆಯುತ್ತಿದ್ದ ಹಾಗೆಯೇ ಪಕ್ಕದ್ದಕ್ಕೆ ದಾಟಬೇಕು. ಅದಕ್ಕೆಂದೇ ಸರ್ವರುಗಳನ್ನು ಕ್ಲಸ್ಟರ್ ಎಂಬ ಒಂದು ಗುಂಪಿಗೆ ಕಟ್ಟುತ್ತಾರೆ. ಆದರೆ ಹೊಸ ಪ್ರೊಸೆಸರಿನ ಮೇಲೆ ಶುರುವಾದ ಮಷೀನು, ಹಳೆಯ ಪ್ರೊಸೆಸರಿಗೆ ಗೊತ್ತೇ ಇಲ್ಲದ ಸೂಚನೆಗಳನ್ನು ರೂಢಿ ಮಾಡಿಕೊಂಡುಬಿಡುತ್ತದೆ. ಆಮೇಲೆ ಅದನ್ನು ನಿಲ್ಲಿಸದೆ ಹಳೆಯದಕ್ಕೆ ದಾಟಿಸಲಾಗದು.

ಹೋದ ವರ್ಷ ಆದದ್ದು ಅದೇ. ಹೊಸ ಸರ್ವರ್ ತಂದವರು ಅವಸರಕ್ಕೆ ಲ್ಯಾಬಿನ ಮಷೀನನ್ನು ನೇರವಾಗಿ ಅದರಲ್ಲೇ, ಅದರ ಸ್ವಂತ ಡಿಸ್ಕಿನಲ್ಲೇ ಶುರುಮಾಡಿ ಹೋದರು. ಕೆಲವೇ ವಾರಗಳಲ್ಲಿ ಆ ಸರ್ವರಿನ ಮೆಮೊರಿ ತಪ್ಪು ತೋರಿಸತೊಡಗಿತು. ಕಲ್ಯಾಣಿ ಅದನ್ನು ಕ್ಲಸ್ಟರಿಗೆ ಸೇರಿಸಿ, ಲ್ಯಾಬನ್ನು ಗಟ್ಟಿಯಾಗಿದ್ದ ಹಳೆಯ ಸರ್ವರಿಗೆ ದಾಟಿಸಲು ನೋಡಿದರು. ಪ್ರೊಸೆಸರ್ ಹೊಂದುವುದಿಲ್ಲ ಎಂದಿತು ಪರದೆ. ಇಡೀ ಗುಂಪನ್ನು ಹಳೆಯ ಪ್ರೊಸೆಸರಿನ ಮಟ್ಟಕ್ಕೆ ಇಳಿಸಬೇಕು. ಅದಕ್ಕೆ ಲ್ಯಾಬಿನ ಮಷೀನು ಒಮ್ಮೆ ಪೂರ್ತಿ ಬಂದ್ ಆಗಬೇಕು. ಮ್ಯಾನೇಜರು ಒಪ್ಪಿದರು. ಒಂದು ನಸುಕಿನಲ್ಲಿ ಕಲ್ಯಾಣಿ ಬಂದ್ ಮಾಡಿದರು.

ಹೊಸ ಸರ್ವರ್ ಆಗಲೂ ಆ ಮಟ್ಟಕ್ಕೆ ಇಳಿಯಲಿಲ್ಲ. ಅದರ ಒಳ ಸೆಟ್ಟಿಂಗಿನಲ್ಲಿ ಪ್ರೊಸೆಸರಿನ ಒಂದು ಸೌಲಭ್ಯವನ್ನು ಯಾರೋ ಬಂದ್ ಮಾಡಿಟ್ಟಿದ್ದರು. ಅದನ್ನು ಹಚ್ಚಿ ಸರ್ವರನ್ನೇ ಮತ್ತೆ ಚಾಲೂ ಮಾಡಬೇಕಾಯಿತು. ಮೊದಲೇ ಹದಗೆಟ್ಟ ಮೆಮೊರಿ. ಅದನ್ನು ತಪಾಸಣೆ ಮಾಡುತ್ತ ಸರ್ವರ್ ತೆವಳತೊಡಗಿತು; ಲ್ಯಾಬಿನ ಮಷೀನು ಅದರ ಡಿಸ್ಕಿನಲ್ಲೇ ಸಿಕ್ಕಿಕೊಂಡಿತ್ತು. ಅಷ್ಟರಲ್ಲಿ ಮಾನ್ವಿಯಿಂದ ಫೋನು.

"ಕಲ್ಯಾಣಿ, ಜಲ್ದಿ ಚಾಲೂ ಮಾಡವ್ವಾ. ಹೆರಿಗಿಗೆ ಬಂದ ಹೆಣ್ಮಗಳಿಗೆ ರಕ್ತ ಹೋಗಾಕತ್ತದ. ಆಕಿ ರಕ್ತದ ಗುಂಪು ಅದ್ರಾಗ ನೋಡ್ಬೇಕು, ರಾಯಚೂರಿಗೆ ರಕ್ತ ಕೇಳ್ಬೇಕು."

"ಭಾಯಿ, ಅದು ನನ್ ಕೈಯಾಗಿಲ್ರಿ ಈಗ," ಎಂದರು ಕಲ್ಯಾಣಿ. "ನಡುವ ಬಿಡಾಕ ಬರಂಗಿಲ್ಲ."

ಸೈಫುದ್ದೀನ್ ಕೈಯಿಂದಲೇ ಪರೀಕ್ಷೆ ಮಾಡಿ, ರಕ್ತಕ್ಕಾಗಿ ಅಲ್ಲಿ ಇಲ್ಲಿ ಫೋನ್ ಮಾಡಿದರು. ರಕ್ತ ಬರುವ ತನಕ ಶಸ್ತ್ರಚಿಕಿತ್ಸೆ ಕಾಯಿತು. ತಾಯಿ ಉಳಿದಳು. ಕೂಸು ಉಳಿಯಲಿಲ್ಲ. ಆಸ್ಪತ್ರೆಗೆ ಬರುವ ದಾರಿಯಲ್ಲೇ ಅದು ಬಳಲಿತ್ತು, ರಕ್ತ ಬೇಗ ಬಂದಿದ್ದರೂ ಬದುಕುತ್ತಿರಲಿಲ್ಲ ಎಂದರು ವೈದ್ಯರು. ಕಲ್ಯಾಣಿಯನ್ನು ಯಾರೂ ಬೈಯಲಿಲ್ಲ.

"ಬೈದಿದ್ರ ಛಲೋ ಇತ್ರಿ," ಎನ್ನುತ್ತಾರೆ ಅವರು. "ಡಾಕ್ಟ್ರು ಹೇಳಿದ್ದು ಖರೇನ ಇರಬೌದು. ಆದ್ರ ನಾ ಮೊದ್ಲ ಒಂದು ಫೋನ್ ಮಾಡಿದ್ರ ಸೈಫುದ್ದೀನ್ ಭಾಯಿ ತಯಾರ ಇರ್ತಿದ್ರು."

ಆ ವಾರ ಬಸ್ಸು ಹತ್ತಿ ಮಾನ್ವಿಗೆ ಹೋದರು. ವಾರ್ಡಿನಲ್ಲಿ ಬಾಣಂತಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಅತ್ತೆ ವೀರಭದ್ರಮ್ಮ ಕೇಳಿದರು, "ಯಾರವ್ವಾ ನೀನು?"

"ಕಂಪ್ಯೂಟರ್ ನೋಡಾಕಿರಿ."

"ಅವತ್ತ ಕಂಪ್ಯೂಟರ್ ಬಂದ್ ಅದ ಅಂದ್ರು. ಅದು ನೀನೇನು?"

"ಹೂಂ ಯವ್ವಾ, ನಾನ."

ವೀರಭದ್ರಮ್ಮ ಸೊಸೆಯ ಹೊದಿಕೆ ಸರಿಮಾಡಿದರು. ಆಮೇಲೆ, "ಆಕಿಗಿ ಈಗರ ನಿದ್ದಿ ಹತ್ಯದ, ಎಬ್ಬಿಸಬ್ಯಾಡ, ಹೋಗು," ಎಂದರು. ಆ ದನಿಯಲ್ಲಿ ಸಿಟ್ಟಿತ್ತೋ ಇಲ್ಲವೋ, ಕಲ್ಯಾಣಿಗೆ ಇವತ್ತಿಗೂ ತಿಳಿದಿಲ್ಲ.

ಈಗ ಯಾವ ಸರ್ವರ್ ಬಂದರೂ ಅದರಲ್ಲಿ ಏನೂ ಶುರುವಾಗುವ ಮೊದಲೇ ಅವರು ಅದರ ಒಳ ಸೆಟ್ಟಿಂಗ್ ನೋಡುತ್ತಾರೆ, ಹಳೆಯದರ ಮಟ್ಟಕ್ಕೆ ಕಟ್ಟುತ್ತಾರೆ. ಇವತ್ತಿನದು ತಕರಾರಿಲ್ಲದೆ ಸೇರಿದೆ. ಪರೀಕ್ಷೆಗೆಂದು ಲ್ಯಾಬಿನ ಮಷೀನನ್ನು ಹೊಸದಕ್ಕೆ ದಾಟಿಸಿ, ಅಲ್ಲಿಂದ ಮತ್ತೆ ಹಳೆಯದಕ್ಕೆ ತರುತ್ತಾರೆ. ಮಾನ್ವಿಯಲ್ಲಿ ಒಂದು ವರದಿಯೂ ನಿಲ್ಲುವುದಿಲ್ಲ. ಕಲ್ಯಾಣಿಯ ಮುಖದಲ್ಲಿ ಗೆಲುವೇನೂ ಕಾಣುವುದಿಲ್ಲ.

ಆಸೆ ಏನಾದರೂ ಉಂಟೇ ಎಂದು ಕೇಳಿದರೆ ಕೈಗಳನ್ನು ಸ್ವೆಟರಿನ ತೋಳೊಳಗೆ ಎಳೆದುಕೊಳ್ಳುತ್ತಾರೆ.

"ಬಸುರಿ ಹೆಣ್ಮಕ್ಕಳ ರಕ್ತದ ಗುಂಪು ಹಾಳ್ಯಾಗೂ ಬರ್ದು ಅವ್ರ ಕೈಯಾಗ ಕೊಡ್ರಿ ಅಂತ ಮೀಟಿಂಗಿನ್ಯಾಗ ಕೇಳಾಕತ್ತೀನ್ರಿ. ಕಂಪ್ಯೂಟರ್ ನೋಡಾಕೀನ 'ಕಂಪ್ಯೂಟರ್ ನಂಬಬ್ಯಾಡ್ರಿ' ಅಂತಾಳ ಅಂತ ನಗ್ತಾರ. ನಗ್ಲಿ ಬಿಡ್ರಿ. ಮುಂದಿನ್ ಮೀಟಿಂಗಿನ್ಯಾಗೂ ಕೇಳ್ತೀನಿ."