ಪಶ್ಚಿಮಕ್ಕೆ ಮುಖ ಮಾಡಿ ಅಳೆದ ಚುಕ್ಕೆ

ನನ್ನ ಕೆಲಸಕ್ಕೆ ಬೇಕಾದದ್ದು ಬೆಳದಿಂಗಳಿಲ್ಲದ ರಾತ್ರಿ. ರಮಜಾನ್ ಹಬ್ಬ ಬರುವುದೂ ಅಮಾವಾಸ್ಯೆಯ ಬೆನ್ನಿಗೇ. ಹೀಗಾಗಿ ಸೂಪರ್‌ನೋವಾಗಳ, ಅಂದರೆ ಸಿಡಿಯುವ ನಕ್ಷತ್ರಗಳ, ಬೆನ್ನು ಹತ್ತಿದ ಮೇಲೆ ಬೈಲಹೊಂಗಲದ ಮನೆಯಲ್ಲಿ ನಾನು ಹಬ್ಬ ಮಾಡಿದ್ದೇ ಕಡಿಮೆ. ಫೋನಿನಲ್ಲೇ ಮುಖ ಊದಿಸಿಕೊಳ್ಳುವ ಕಲೆ ಅಮ್ಮನಿಗೆ ಕರಗತವಾಗಿತ್ತು. ಈ ಸಲ ದೂರದ ಗುಡ್ಡದ ಮೇಲಿನ ದೂರದರ್ಶಕವನ್ನು ಅಲ್ಲಿಯ ಆಪರೇಟರ್ ನಡೆಸುತ್ತಾನೆ, ನಾನು ಯೋಜನೆ ಕಳಿಸಿ ಫೋನಿಗೆ ಸಿಕ್ಕರೆ ಸಾಕು ಎಂದಾಯಿತು. ಬಸ್ಸು ಹತ್ತಿಬಿಟ್ಟೆ. ಇಂಥ ಧೈರ್ಯ ಮಾಡಬಾರದಿತ್ತು ಎಂದು ಹಬ್ಬದ ಬೆಳಿಗ್ಗೆಯೇ ಅನ್ನಿಸತೊಡಗಿತ್ತು.

ಎಲ್ಲೋ ದೂರದ ಗೆಲಾಕ್ಸಿಯಲ್ಲಿ ನಕ್ಷತ್ರವೊಂದು ಸಿಡಿದಿತ್ತು. ಅದರ ಬೆಳಕು ನಮ್ಮನ್ನು ಮುಟ್ಟಲು ನೂರಾರು ಕೋಟಿ ವರ್ಷ ಬೇಕಾಗಿತ್ತು. ಆದರೆ ಆ ಹೊಳಪು ನಿಲ್ಲುವುದು ಕೆಲವೇ ವಾರ. ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ನೋಡಿದರೆ ಅದು ಎಂಥ ಸ್ಫೋಟ, ಎಷ್ಟು ದೂರದ್ದು ಎಂದು ತಿಳಿಯುತ್ತದೆ. ನನ್ನ ಪಿಎಚ್‌ಡಿಗೆ ಬಾಕಿ ಉಳಿದಿದ್ದು ಇದೊಂದೇ. ದೂರದರ್ಶಕ ನನ್ನ ಪಾಲಿಗೆ ಸಿಕ್ಕಿದ್ದು ಹಬ್ಬದ ಸಂಜೆ, ಕತ್ತಲಾದೊಡನೆ, ಅದು ಮುಳುಗುವ ಮೊದಲಿನ ಒಂದು ತಾಸು. ಮುಂದಿನ ಅಮಾವಾಸ್ಯೆಯ ಹೊತ್ತಿಗೆ ಅದು ಆರಿಹೋಗಿರುತ್ತದೆ. 

ಇಷ್ಟು ಮಂದ ಚುಕ್ಕೆ ಆಪರೇಟರನ ಪರದೆಯ ಮೇಲೂ ಕಾಣುವುದಿಲ್ಲ. ಹತ್ತಿರದ ಹೊಳೆಯುವ ನಕ್ಷತ್ರವೊಂದನ್ನು ಗುರುತು ಹಿಡಿದು, ಅಲ್ಲಿಂದ ಯಾವ ದಿಕ್ಕಿಗೆ ಎಷ್ಟು ಸರಿಯಬೇಕೆಂದು ಬರೆದುಕೊಡುತ್ತೇವೆ. ಅವನು ನಂಬಿಕೆಯ ಮೇಲೆ ಅಷ್ಟು ಸರಿಸುತ್ತಾನೆ. ನಾನು ಗುರುತಿಗೆ ಆರಿಸಿದ್ದು ಒಂದು ನಕ್ಷತ್ರವಲ್ಲ, ಅಂಟಿಕೊಂಡಂತಿರುವ ಎರಡು, ಬೇರೆಯದು ಕೊಡಿ ಎಂದು ಮಧ್ಯಾಹ್ನ ಅವನ ಫೋನ್ ಬಂತು. ಮನೆ ತುಂಬ ನೆಂಟರು. ಎಲ್ಲರೂ ಫೋನಿನಲ್ಲಿ ಹಬ್ಬದ ಫೋಟೊ ಕಳಿಸುತ್ತಿದ್ದರೋ ಏನೋ, ಇಂಟರ್‌ನೆಟ್ ಕೈಕೊಟ್ಟಿತ್ತು, ಲ್ಯಾಪ್‌ಟಾಪಿನಲ್ಲಿ ಲೆಕ್ಕ ಹಾಕುವಂತಿರಲಿಲ್ಲ. ಹಿಂದಿನ ಖೋಲಿಯ ಚಾಪೆಯ ಮೇಲೆ ಆಕಾಶದ ಚಿತ್ರದ ಪ್ರಿಂಟ್ ಹರಡಿಕೊಂಡು, ಬೇರೊಂದು ನಕ್ಷತ್ರ ಆರಿಸಿ, ಸ್ಕೇಲಿನಿಂದಲೇ ಅಳೆದೆ.

ನಮ್ಮ ಮನೆಯಲ್ಲಿ ಎಲ್ಲದಕ್ಕೂ ಪಶ್ಚಿಮವೇ ಆಧಾರ, ಅದು ನಮಾಜಿನ ಗೋಡೆ. ಅದಕ್ಕೆ ಮುಖ ಮಾಡಿ ನಿಂತರೆ ಬಲಗೈ ಉತ್ತರ, ಎಡಗೈ ದಕ್ಷಿಣ. ಅಕ್ಷರ ಕಲಿಯುವ ಮೊದಲೇ ಮೈಗೆ ಹತ್ತಿದ ಪಾಠ. ಚಿತ್ರದ ಪಶ್ಚಿಮದ ಅಂಚನ್ನೂ ಆ ಗೋಡೆಯ ಕಡೆ ತಿರುಗಿಸಿಟ್ಟು ನೋಡಿದೆ. ಸೂಪರ್‌ನೋವಾ ಆ ಹೊಸ ಗುರುತಿನ ನಕ್ಷತ್ರದ ಬಲಕ್ಕಿತ್ತು. ಮೂಲೆಯ ಬಾಣದ ಗುರುತನ್ನೂ ನೋಡದೆ ‘ಉತ್ತರಕ್ಕೆ’ ಎಂದು ಎಸ್ಸೆಮ್ಮೆಸ್ ಕಳಿಸಿಬಿಟ್ಟೆ.

ಸಂಜೆಯ ನಮಾಜ್ ಮುಗಿದು ಕತ್ತಲಾದ ಮೇಲೆ ‘ಶುರುವಾಯಿತು’ ಎಂದು ಆಪರೇಟರ್ ತಿಳಿಸಿದ. ಆ ಹೊತ್ತಿಗೆ ಅಬ್ಬಾನ ಗೆಳೆಯರಾದ, ಚಚಡಿ ಊರಿನ ಕಾಕಾ ಬಂದರು. ಹೊಲಮನೆ ಮಾಡಿಕೊಂಡಿರುವ ಅವರು ನಮ್ಮ ಹಬ್ಬದ ಶಾವಿಗೆ ಪಾಯಸ, ಸುರಕುಂಬಾ, ತಪ್ಪಿಸಿದವರಲ್ಲ. ಬಟ್ಟಲು ಕೈಗೆ ಕೊಟ್ಟೊಡನೆ ನನ್ನನ್ನು ನೋಡಿದರು.

“ಯಾಕವಾ, ಹಬ್ಬದ ದಿನಾ ಮಾರಿ ಹಿಂಗ ಮಾಡ್ಕೊಂಡಿ?”

“ಒಂದು ಚುಕ್ಕಿ ನೋಡಸಾಕ ಹತ್ತೇನ್ರಿ ಕಾಕಾ. ಸಿಗತೈತೋ ಇಲ್ಲೋ ಅಂತ ಹೆದರಿಕಿ.”

“ಯಾ ಕಡಿ ಐತಿ? ನಮಗೂ ತೋರ್ಸವಾ.”

“ಕಣ್ಣಿಗೆ ಕಾಣಂಗಿಲ್ರಿ.”

“ಕಾಣದಿದ್ರ ಬಿಡು. ದಿಕ್ಕರ ತೋರ್ಸು.”

ಸುಮ್ಮನೆ ಕೂರುವುದು ನನ್ನಿಂದಲೂ ಆಗುತ್ತಿರಲಿಲ್ಲ. ಅವರನ್ನು ಮಾಳಿಗೆಗೆ ಕರೆದುಕೊಂಡು ಹೋದೆ. ಅವರು ಮೊಬೈಲಿನ ಬೆಳಕು ಹಿಡಿದರು. ನಾನು ಚಿತ್ರವನ್ನು ಪಡುವಣ ಆಕಾಶಕ್ಕೆ ಎತ್ತಿ ಹಿಡಿದು, ಪಶ್ಚಿಮದ ಅಂಚು ಕೆಳಗೆ ದಿಗಂತದ ಕಡೆ ಬರುವಂತೆ ತಿರುಗಿಸಿದೆ. ಉತ್ತರದ ಬಾಣದ ಗುರುತು ನನ್ನ ಬಲಕ್ಕೆ ಬಂತು. ಸೂಪರ್‌ನೋವಾ ಎಡಕ್ಕೆ ಹೋಯಿತು.

ಮಧ್ಯಾಹ್ನ ನಾನು ಬರೆದು ಕಳಿಸಿದ್ದು ತಪ್ಪು ದಿಕ್ಕು. ಆಕಾಶದ ಚಿತ್ರವನ್ನು ತಲೆಯೆತ್ತಿ ನೋಡಬೇಕು. ಊರಿನ ನಕಾಶೆಯ ಹಾಗೆ ನೆಲಕ್ಕೆ ಹಾಸಿಕೊಂಡರೆ ಎಡಬಲ ಅದಲುಬದಲಾಗುತ್ತದೆ. ಹೊಸಬರಿಗೆ ಈ ಪಾಠ ಹೇಳುವ ಮಹಾತಾಯಿ ನಾನೇ. ದೂರದರ್ಶಕ ಆ ಹೊತ್ತಿನಲ್ಲಿ ಏನೂ ಇಲ್ಲದ ಕಡೆ ಕಣ್ಣು ನೆಟ್ಟು ಕುಳಿತಿತ್ತು.

ಫೋನ್ ಹತ್ತಲಿಲ್ಲ. ಮತ್ತೆ ಮಾಡಿದೆ, ಮತ್ತೆ ಮಾಡಿದೆ. ಮಾಳಿಗೆಯ ಮೂಲೆ ಮೂಲೆಗೆ ಓಡಾಡಿದೆ. ಕಡೆಗೆ ಸಿಕ್ಕ ಆಪರೇಟರಿಗೆ, ಉತ್ತರವಲ್ಲ, ದಕ್ಷಿಣ ಎಂದು ಹೇಳಿದೆ. ಅರ್ಧ ತಾಸು ಆಗಲೇ ಹೋಗಿದೆ, ಉಳಿದದ್ದನ್ನು ನೋಡೋಣ ಮೇಡಂ ಎಂದ. ಬೈದಿದ್ದರೆ ಚೆನ್ನಾಗಿತ್ತು.

ಕಾಕಾ ಮಾಳಿಗೆಯ ಕಟ್ಟೆಯ ಮೇಲೆ ಕುಳಿತರು. ಕೆಳಗಿನಿಂದ ಅಮ್ಮ ಊಟಕ್ಕೆ ಕರೆದಳು, ಇಬ್ಬರೂ ಏಳಲಿಲ್ಲ. ಪಡುವಣದ ನಕ್ಷತ್ರಗಳು ಒಂದೊಂದಾಗಿ ಮನೆಗಳ ಹಿಂದೆ ಇಳಿಯುತ್ತಿದ್ದರೆ, ಗುಡ್ಡದ ಮೇಲೂ ಹೀಗೇ ಇಳಿಯುತ್ತಿವೆಯಲ್ಲ ಎಂದು ಮತ್ತೆ ಮತ್ತೆ ಗಡಿಯಾರ ನೋಡುತ್ತಿದ್ದೆ.

ಕೊನೆಗೆ ಆಪರೇಟರ್ ಒಂದು ಚಿತ್ರ ಕಳಿಸಿದ. ಬೂದು ಬಣ್ಣದ ನಡುವೆ, ಬಿಡಿಸಿದ ಬೆಳಕಿನ ಒಂದು ತೆಳ್ಳನೆಯ ಗೆರೆ, ಇದೆಯೋ ಇಲ್ಲವೋ ಎಂಬಷ್ಟು. ಎಂಥ ಸ್ಫೋಟ ಎಂದು ಹೇಳಲು ಅದು ಸಾಲಬಹುದು, ಸಾಲದೆಯೂ ಹೋಗಬಹುದು. ಅಳು ಬಂತು.

“ಸಿಕ್ತೇನವಾ?”

“ಅರ್ಧ ಸಿಕ್ತ್ರಿ ಕಾಕಾ.”

“ಮತ್ತ ಉಳಿದರ್ಧ ಬರಲೇ ಇಲ್ಲೇನು?”

“ಬಂದಿತ್ರಿ,” ಎಂದೆ. “ಅಷ್ಟು ದೂರದಿಂದ ಅದು ಬರೂದು ಬಂದಿತ್ತು. ನಾನ ಆ ಕಡಿ ನೋಡಲಿಲ್ಲ.”