ಪುಡಿ ಹಿಂಡಿ ನೋಡಿದ್ದು

ಅಪ್ಪಯ್ಯ ಚೆನ್ನೈನ ಕೀಲ್ಪಾಕಿನ ಸಸ್ಯಾಹಾರಿ ಹೋಟೆಲೊಂದರಲ್ಲಿ ಬಹಳ ವರ್ಷಗಳಿಂದ ಸೂಪರ್‌ವೈಸರ್. ಮೇಜು ಸ್ವಚ್ಛವಾಯಿತೇ ಎಂದು ತಿಳಿಯಲು ಅವರು ಮೇಜು ನೋಡುವುದಿಲ್ಲ, ಒರೆಸಿದ ಬಟ್ಟೆಯನ್ನು ಹಿಂಡಿ, ನೀರು ತಿಳಿಯಾಗಿ ಬಂತೇ ಎಂದು ನೋಡುತ್ತಾರೆ. ಚಿಕ್ಕಂದಿನಿಂದಲೂ ನನಗೆ ಅದು ನಗೆಪಾಟಲು.

ನನ್ನ ಪಿಎಚ್‌ಡಿ ಬಿಸ್ಮತ್ ಎಂಬ ಲೋಹದಿಂದ ಮಾಡುವ ಹಳದಿ ಪುಡಿಯ ಮೇಲೆ. ಕಾರ್ಖಾನೆಯ ಬಣ್ಣದ ನೀರಿಗೆ ಅದನ್ನು ಹಾಕಿ ಬೆಳಕಿಗಿಟ್ಟರೆ ಸಾಕು, ಬಣ್ಣ ಒಡೆದು ಇಲ್ಲವಾಗಬೇಕು. ನಾಲ್ಕು ವರ್ಷ ಅದು ನನ್ನ ಮಾತು ಕೇಳಲಿಲ್ಲ. ಕೊನೆಗೊಂದು ಗುರುವಾರ, ದೀಪದ ಕೆಳಗಿಟ್ಟ ಗುಲಾಬಿ ಬಣ್ಣದ ನೀರು ಎರಡೇ ಗಂಟೆಯಲ್ಲಿ ತಿಳಿಯಾಯಿತು. ಸೋಮವಾರ ಅದನ್ನು ನನ್ನ ಪಿಎಚ್‌ಡಿ ಪರಿಶೀಲಿಸುವ ಸಮಿತಿಯ ಮುಂದಿಡಬೇಕಿತ್ತು. ಫೋಟೊ ಹಿಡಿದು ಹೋಟೆಲಿಗೆ ಓಡಿದೆ.

ಅಪ್ಪಯ್ಯ ಕನ್ನಡಕ ಏರಿಸಿ ನೋಡಿದರು. "ನೀರ್ ತಿಳಿ ಆಯ್ತ್, ಸಮ. ಆ ಪುಡಿ ಹಿಂಡಿ ಕಂಡ್ಯಾ ಮಗಾ?"

ಸಿಟ್ಟು ನೆತ್ತಿಗೇರಿತು. ಅದೇನು ಮೇಜು ಒರೆಸುವ ಬಟ್ಟೆಯೇ ಎಂದು ತಮಿಳಿನಲ್ಲಿ ಜಗಳವಾಡಿ ಬಂದೆ. ಬಸ್ಸಿನಲ್ಲಿ ಕೂತ ಮೇಲೆ ಅಪ್ಪಯ್ಯನ ಮಾತು ಅರ್ಥವಾಯಿತು. ಬಣ್ಣ ಒಡೆಯದೆ ಬರೀ ಪುಡಿಗೆ ಅಂಟಿಕೊಂಡರೂ ನೀರು ತಿಳಿಯಾಗುತ್ತದೆ. ಹಾಗಾಗಿದ್ದರೆ ನಾಲ್ಕು ವರ್ಷ ನಾನು ಮಾಡಿದ್ದು ಒರೆಸುವ ಬಟ್ಟೆಯನ್ನೇ. ನೋಡೋಣವೆಂದರೆ, ಖುಷಿಯ ಭರದಲ್ಲಿ ಪುಡಿಯನ್ನು ತೊಳೆದು ಚೆಲ್ಲಿದ್ದೆ.

ಹೊಸ ಪುಡಿ ಸಿದ್ಧವಾಗಲು ಶನಿವಾರ ಸಂಜೆಯಾಯಿತು. ಆ ದಿನಗಳಲ್ಲಿ ನಾನು ಸರಿಯಾಗಿ ಉಣ್ಣಲೇ ಇಲ್ಲ. ಭಾನುವಾರ ಎರಡು ಬೀಕರುಗಳಲ್ಲಿ ಗುಲಾಬಿ ನೀರಿಟ್ಟು ಸಮನಾಗಿ ಪುಡಿ ಹಾಕಿದೆ. ಒಂದು ದೀಪದ ಕೆಳಗೆ. ಇನ್ನೊಂದಕ್ಕೆ, ಬೆಳಿಗ್ಗೆ ಕೇಳಿದಾಗ ಅಪ್ಪಯ್ಯ ಜಗಳದ ಸುದ್ದಿ ಎತ್ತದೆ ಕೊಟ್ಟಿದ್ದ ಹೋಟೆಲಿನ ಪಾರ್ಸೆಲ್ ಫಾಯಿಲ್ ಸುತ್ತಿ ಕತ್ತಲು ಮಾಡಿದೆ. ಬೆಳಕಿಲ್ಲದೆ ಪುಡಿ ಬಣ್ಣವನ್ನು ಒಡೆಯಲಾರದು, ಅಂಟಿಸಿಕೊಳ್ಳಬಹುದಷ್ಟೆ. ಎರಡು ಗಂಟೆಯ ಮೇಲೆ ಎರಡೂ ಪುಡಿಗಳನ್ನು ಸೋಸಿ, ಅಂಟಿದ ಬಣ್ಣ ಬಿಡಿಸುವ ಸ್ಪಿರಿಟ್ಟಿನಲ್ಲಿ ತೊಳೆದೆ. ಕತ್ತಲಲ್ಲಿದ್ದದ್ದು ಗುಲಾಬಿ ಬಿಟ್ಟಿತು. ಬೆಳಕಿನಲ್ಲಿದ್ದದ್ದು ಬಣ್ಣ ಬಿಡಲೇ ಇಲ್ಲ, ಹಳದಿಯಾಗಿ ಸುಮ್ಮನೆ ಕೂತಿತ್ತು; ಅಲ್ಲಿ ಬಣ್ಣ ಒಡೆದೇ ಹೋಗಿತ್ತು. ಬದುಕಿದೆಯಾ ಬಡಜೀವವೇ ಎಂದು ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟೆ.

ಸೋಮವಾರ ಸಮಿತಿಯವರು ಕೇಳಿದ ಮೊದಲ ಪ್ರಶ್ನೆಯೇ ಅಪ್ಪಯ್ಯನದು. ಪುಡಿ ತೊಳೆದ ಸ್ಪಿರಿಟ್ಟಿನ ಎರಡು ಸೀಸೆಗಳನ್ನು ಮುಂದಿಟ್ಟೆ. ಒಪ್ಪಿದರು.

ಅದೇ ಸೀಸೆಗಳನ್ನು ಹಿಡಿದು ಹೋಟೆಲಿಗೆ ಹೋದೆ. ಅಪ್ಪಯ್ಯ ಒಂದೊಂದನ್ನೇ ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು.

"ಅಡ್ಡಿಲ್ಲ," ಎಂದರು.

ಕುಂದಾಪುರದ ಕಡೆಯ ನಮ್ಮವರ ಹೊಗಳಿಕೆ ಅದರಾಚೆಗೆ ಹೋಗುವುದಿಲ್ಲ. ಮೂರು ದಿನದ ಹಸಿವು ಒಟ್ಟಿಗೇ ಎದ್ದಿತು, ದೋಸೆ ಬೇಕೆಂದೆ. ಅಪ್ಪಯ್ಯ ನನ್ನ ಮುಂದಿನ ಮೇಜನ್ನು ತಾವೇ ಒರೆಸಿ ಒಳಗೆ ಹೋದರು. ಆ ದಿನ ಬಟ್ಟೆ ಹಿಂಡಿ ನೋಡಲು ಮರೆತರು.